‘ಪ್ರಕಟಿಸು’ ಬಟನ್ ಹುಡುಕಿಕೊಂಡು ದಾಸರಹಳ್ಳಿಗೆ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಏನು ಕೆಲಸ ಮಾಡಿದೆ ಎಂಬುದು ನನ್ನ ನಾದಿನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಹಬ್ಬಕ್ಕೋ ನಾಮಕರಣಕ್ಕೋ ಸೇರಿದಾಗಲೆಲ್ಲ ಕೇಳುತ್ತಿದ್ದಳು, ನಾನು ಒಬ್ಬಟ್ಟು ತಟ್ಟುತ್ತ ವಿವರಿಸುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು, “ಒಟ್ನಲ್ಲಿ ಬೈಸ್ಕೊಳ್ಳೋ ಕೆಲ್ಸ ಅನ್ನಿ ಅತ್ತಿಗೆ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಅದು ಸುಳ್ಳೇನಲ್ಲ. ಬೈಗುಳ ಓದುವುದಕ್ಕೂ ಸಂಬಳ ಕೊಡುತ್ತಾರೆ ಎಂದು ಸೇರುವ ತನಕ ನನಗೂ ಗೊತ್ತಿರಲಿಲ್ಲ.

ಈಗ ಅವಳ ಮಗಳೇ ವೈಟ್‌ಫೀಲ್ಡಿನಲ್ಲಿ ಇಂಥದೇ ಕೆಲಸಕ್ಕೆ ಸೇರಿದ್ದಾಳೆ. “ಅತ್ತೆ, ಮೊದಲು ಏನು ಕಲೀಬೇಕು ಹೇಳಿ” ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿಯಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ಇದರಲ್ಲಿ ಇಲ್ಲ, ಅದು ನನಗೇ ಸರಿಯಾಗಿ ನೆನಪಿಲ್ಲ. ಮಾಡಿದ ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ.

ನಮ್ಮ ಆಫೀಸು ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿತ್ತು. ಯಾವ ಕಾಲಕ್ಕೋ ಯಂತ್ರದ ಬಿಡಿಭಾಗ ಮಾಡುತ್ತಿದ್ದ ಶೆಡ್ಡಿಗೆ ಬಣ್ಣ ಬಳಿದು, ಗಾಜು ಕೂರಿಸಿ, ಒಳಗೆ ಕಂಪ್ಯೂಟರು ಇಟ್ಟಿದ್ದರು. ಯಾರು ಬೇಕಾದರೂ ತಮ್ಮದೇ ವೆಬ್‌ಸೈಟು ಮಾಡಿಕೊಳ್ಳುವ ಅನುಕೂಲವನ್ನು ನಮ್ಮ ಕಂಪನಿ ಒದಗಿಸುತ್ತಿತ್ತು. ಶಾಲೆಯವರು, ಟೈಲರುಗಳು, ದೇವಸ್ಥಾನದ ಸಮಿತಿಯವರು, ಕವಿತೆ ಬರೆಯುವವರು, ಎಲ್ಲರೂ ಇದ್ದರು. ಇಂಥ ವೆಬ್‌ಸೈಟಿಗೆ ಎರಡು ಮುಖ. ಊರವರಿಗೆಲ್ಲ ಕಾಣುವುದು ಹೊರಗಿನದು. ಒಳಗಿನದು ಅಡ್ಮಿನ್ ಪುಟ, ಯಜಮಾನರು ಕೂತು ಬರೆಯುವ, ತಿದ್ದುವ, ಪ್ರಕಟಿಸುವ ಜಾಗ. ಮದುವೆ ಮನೆಯಲ್ಲಿ ಊಟದ ಹಾಲ್ ಇದ್ದಂತೆ ಹೊರಗಿನದು, ಅಡುಗೆಮನೆ ಇದ್ದಂತೆ ಒಳಗಿನದು. ಆ ಅಡುಗೆಮನೆ ಹೇಗಿರಬೇಕು ಎಂದು ಅದನ್ನು ಬಳಸುವವರು ಬರೆದು ಕಳಿಸಿದ ಸಲಹೆಗಳನ್ನು ಓದಿ, ವಿಂಗಡಿಸಿ, ಉತ್ತರಿಸುವುದು ನನ್ನ ಕೆಲಸ.

ಎಂತೆಂಥ ಸಲಹೆ ಬರುತ್ತಿದ್ದವು ಅಂತೀರಿ. ನಿವೃತ್ತ ಅಧಿಕಾರಿಗಳೊಬ್ಬರು, ತಾವು ಅಡ್ಮಿನ್ ಪುಟ ತೆರೆದ ಕೂಡಲೇ ಅದು ತಮ್ಮ ಹೆಸರು ಮತ್ತು ಹಿಂದಿನ ಹುದ್ದೆ ಹೇಳಿ ನಮಸ್ಕರಿಸಬೇಕೆಂದು ಬರೆದಿದ್ದರು. ಮದುವೆ ಫೋಟೋ ತೆಗೆಯುವ ಒಬ್ಬರು, ಫೋಟೋ ಅಳಿಸುವ ಮುನ್ನ ‘ಖಂಡಿತವಾಗಿಯೂ ಅಳಿಸಬೇಕೇ’ ಎಂದು ಮೂರು ಸಲ ಕೇಳಿ ಎಂದರು. ಪಾಪ, ಯಾರದೋ ಮಾಂಗಲ್ಯಧಾರಣೆಯ ಫೋಟೋ ಅಳಿಸಿಕೊಂಡಿದ್ದರು. ಅವರ ಸಮಾಧಾನಕ್ಕೆ ಎರಡು ಸಲ ಕೇಳುವಂತೆ ಮಾಡಿದೆವು. ಹದಿನೈದು ದಿನಕ್ಕೆ ಅವರದೇ ಇನ್ನೊಂದು ಸಲಹೆ ಬಂತು. “ಇದೇನ್ರೀ ಮೇಡಂ, ನಮ್ಮ ಮಾವನ ಥರ ಕೇಳಿದ್ದನ್ನೇ ಕೇಳುತ್ತೆ. ಒಂದು ಸಲ ಕೇಳಿದ್ರೆ ಸಾಲದಾ?” ನಾನು ಮೊದಲನೆಯ ಸಲಹೆಯನ್ನು ನೆನಪಿಸಲಿಲ್ಲ, ನೆನಪಿಸಬಾರದು ಕೂಡ.

ಈ ಕೆಲಸ ಕಲಿಸಿದವರು ನಮ್ಮ ಮೇಲಧಿಕಾರಿ ಪ್ರಭಾಕರ ಸಾರ್. ನಮ್ಮಲ್ಲಿಗೆ ಬರುವ ಮುಂಚೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದವರು. ಬಾಯಿ ತೆರೆದರೆ “ನಮ್ಮ ಫ್ಯಾಕ್ಟರೀಲಿ” ಎಂದೇ ಶುರು. ಅವರ ಬೋಧನೆ ಎರಡೇ. ಒಂದು, “ನೋಡಮ್ಮಾ, ಜನ ಔಷಧಿ ಹೆಸರು ಹೇಳ್ತಾರೆ. ನೀನು ನೋವೆಲ್ಲಿ ಅಂತ ಕೇಳು.” ಇನ್ನೊಂದು ಕೈ ಹಿಂದೆ ಕಟ್ಟುವ ಪದ್ಧತಿ. ಅವರ ಕಾರ್ಖಾನೆಯಲ್ಲಿ ಯಂತ್ರ ತೊಂದರೆ ಕೊಡುತ್ತಿದೆ ಎಂದರೆ ತಪಾಸಣೆಯವರು ಹೋಗಿ, ನಡೆಸುವವನ ಹಿಂದೆ ಕೈ ಕಟ್ಟಿ, ಬಾಯಿ ಮುಚ್ಚಿ ನಿಲ್ಲಬೇಕಿತ್ತಂತೆ. ಮುಟ್ಟುವಂತಿಲ್ಲ, ಹೇಳಿಕೊಡುವಂತಿಲ್ಲ. ನಾವೂ ಹಾಗೆಯೇ ಸಲಹೆ ಕಳಿಸಿದವರ ಹಿಂದೆ ಹೋಗಿ ನಿಲ್ಲಬೇಕು ಎಂದು ನಿಯಮ ಮಾಡಿದ್ದರು. ಬಾಯಿ ಮುಚ್ಚುವುದು ನನಗೆ ಎಷ್ಟು ಕಷ್ಟ ಎಂದು ನಮ್ಮ ಮನೆಯವರನ್ನು ಕೇಳಿ.

ಮೊದಲ ಸಲ ಹಾಗೆ ನಿಂತದ್ದು ಮಾಕಳಿಯ ಒಂದು ಶಾಲೆಯಲ್ಲಿ. ಅಲ್ಲಿನ ಹೆಡ್‌ಮೇಡಂ, ‘ಅಡ್ಮಿನ್ ಪುಟದ ಎಡಗಡೆಯ ಪಟ್ಟಿಯ ಅಕ್ಷರಗಳನ್ನು ಕೆಂಪು ಮಾಡಿ’ ಎಂದು ಬರೆದಿದ್ದರು. ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದೆವು. ಹೋಗಿ ಹಿಂದೆ ನಿಂತೆ. ಅವರು ಮೇಜಿನ ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದರು. ಅದರಲ್ಲಿ ನಮ್ಮ ಅಡ್ಮಿನ್ ಪುಟದ ಚಿತ್ರ ಬರೆದು, ಎಲ್ಲೆಲ್ಲಿ ಒತ್ತಬೇಕೆಂದು ಕೆಂಪು ಪೆನ್ಸಿಲ್ಲಿನಲ್ಲಿ ಬಾಣ ಹಾಕಿಕೊಂಡಿದ್ದರು. ರಜೆಯ ಸೂಚನೆ ಹಾಕುವ ಒಂದೇ ಒಂದು ಪುಟಕ್ಕೆ ಹೋಗಲು ಆರು ಮೆಟ್ಟಿಲು ದಾಟಬೇಕಿತ್ತು. ನೋಟ್‌ಬುಕ್ಕಿನ ಕೆಂಪಿಗೂ ಸ್ಕ್ರೀನಿನ ಅಕ್ಷರಕ್ಕೂ ಹೊಂದಿಕೆಯಾದರೆ ದಾರಿ ತಪ್ಪುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ನಾವು ಕೆಂಪು ಮಾಡಲಿಲ್ಲ. ಕಳೆದ ಸಲ ಕೆಲಸ ಮಾಡಿದ ಪುಟಗಳು ಒಳಗೆ ಬಂದ ತಕ್ಷಣ ಎದುರಿಗೇ ಕಾಣುವಂತೆ ಮಾಡಿದೆವು. ನೋಟ್‌ಬುಕ್ ಈಗ ಬೇಕಿಲ್ಲ ಎಂದು ಅವರು ಪತ್ರ ಬರೆದರು. ಕೆಳಗೆ, ‘ಆದರೂ ಕೆಂಪು ಚೆನ್ನಾಗಿರುತ್ತಿತ್ತು’ ಎಂದು ಒಂದು ಸಾಲು ಸೇರಿಸಿದ್ದರು.

ಆಮೇಲೆ ಕಾಲ ಬದಲಾಯಿತು. ಸಲಹೆಗಳು ರಾಶಿ ರಾಶಿ ಬರತೊಡಗಿದವು, ಒಬ್ಬೊಬ್ಬರ ಹಿಂದೆ ಹೋಗಿ ನಿಲ್ಲುವುದು ಆಗದ ಮಾತಾಯಿತು. ಸಲಹೆಗಳನ್ನೆಲ್ಲ ಬಳಕೆದಾರರ ಮುಂದೆಯೇ ಇಡುವುದು, ಅವರೇ ಓಟು ಹಾಕುವುದು, ಹೆಚ್ಚು ಓಟು ಬಿದ್ದದ್ದನ್ನು ನಾವು ಮಾಡುವುದು ಎಂದಾಯಿತು. ಕೈ ಕಟ್ಟುವ ಪದ್ಧತಿಯ ಪ್ರಭಾಕರ ಸಾರ್ ಕೂಡ ಓಟಿನ ಪಟ್ಟಿಗೆ ಮರುಳಾದರು. ಮೊದಲು ಗೆದ್ದ ಸಲಹೆ, ಅಡ್ಮಿನ್ ಪುಟದ ಹಿನ್ನೆಲೆ ಕಡುನೇರಳೆ ಆಗಬೇಕೆಂಬುದು. ಮಾಡಿದೆವು, ಯಾರೂ ಬಳಸಲಿಲ್ಲ. ವಿಚಾರಿಸಿದರೆ, ಯಾವನೋ ಒಬ್ಬ ತನ್ನ ಇಡೀ ಕ್ಲಾಸಿನವರಿಂದ ತಮಾಷೆಗೆ ಓಟು ಹಾಕಿಸಿದ್ದ. ಆಗಲಾದರೂ ಬುದ್ಧಿ ಕಲಿಯಬೇಕಿತ್ತು.

ಎರಡನೆಯ ಸಲ ಗೆದ್ದದ್ದು ಒಳ್ಳೆಯ ಸಲಹೆಯೇ. ಆ ಹೊತ್ತಿಗೆ ಜನ ಫೋನಿನಲ್ಲೇ ಬರೆದು ಪ್ರಕಟಿಸತೊಡಗಿದ್ದರು. ‘ಪ್ರಕಟಿಸು’ ಬಟನ್ ಸ್ಕ್ರೀನಿನ ಮೇಲ್ತುದಿಯಲ್ಲಿ ಇದೆ, ಹೆಬ್ಬೆರಳಿಗೆ ಸಿಗುವುದಿಲ್ಲ, ಕೆಳಗೆ ತನ್ನಿ ಎಂಬ ಸಲಹೆಗೆ ಓಟೋ ಓಟು. ನಾನೇ ಮುಂದೆ ನಿಂತು ವಾದಿಸಿದೆ. ಪ್ರಕಟಿಸು, ಉಳಿಸು, ಅಳಿಸು ಎಂಬ ಮೂರೂ ಬಟನ್ನುಗಳನ್ನು ಕೆಳಗಿನ ಅಂಚಿಗೆ ಇಳಿಸಿದೆವು. ಆಫೀಸಿನಲ್ಲಿ ಕೇಕ್ ತಂದರು, ಚಾಕು ನನ್ನ ಕೈಗೇ ಕೊಟ್ಟು ಕತ್ತರಿಸು ಎಂದರು. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಮೂರನೆಯ ದಿನ ನೀಲವ್ವ ಎಂಬವರಿಂದ ಒಂದು ಸಲಹೆ ಬಂತು. ‘ಬಟನ್ ಮೊದಲು ಇದ್ದಲ್ಲೇ ಇಡ್ರಿ. ಈಗ ಕಾಣವಲ್ದು.’

ನಮ್ಮಲ್ಲಿ ಒಂದು ಕ್ರಮವಿತ್ತು. ದೂರು ಬಂದರೆ ಆಫೀಸಿನ ಫೋನುಗಳಲ್ಲಿ ಅದೇ ಕೆಲಸ ಮಾಡಿ ನೋಡುವುದು. ಅಲ್ಲಿ ತೊಂದರೆ ಕಾಣದಿದ್ದರೆ ‘ನಮ್ಮಲ್ಲಿ ಸರಿಯಾಗಿದೆ’ ಎಂದು ಉತ್ತರಿಸಿ ಮುಚ್ಚುವುದು. ಸಾಲಾಗಿ ಇಟ್ಟಿದ್ದ ನಾಲ್ಕು ಹೊಸ ಫೋನುಗಳಲ್ಲಿ ನೋಡಿದೆ, ಬಟನ್ ಜಮ್ಮೆಂದು ಕೂತಿತ್ತು. ಮುಚ್ಚಿದೆ. ಮರುವಾರ ಮತ್ತೆ ಬರೆದರು, ಮತ್ತೆ ಮುಚ್ಚಿದೆ. ಮೂರನೆಯ ಸಲ, ಹೊಸದನ್ನು ಕಲಿಯಲು ಸ್ವಲ್ಪ ಸಮಯ ಬೇಕಾಗುತ್ತದೆ ಎಂದು ಉಪದೇಶ ಬೇರೆ ಮಾಡಿದೆ. ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಾಲ್ಕನೆಯ ಸಲ ಅವರು ಬರೆದದ್ದು ಇಷ್ಟು. ‘ಮೇಡಮ್ಮಾರ, ನಿಮ್ಮ ಕಡೆ ಸರಿ ಐತಿ ಅಂದ್ರ ನಿಮ್ಮ ಫೋನು ಬ್ಯಾರೆ ಇರಬೇಕ್ರಿ. ಬಂದು ನಂದು ನೋಡ್ರಿ. ಬರೂ ಐತವಾರದ ಮುಂದಿನ ಐತವಾರಕ್ಕ ಸರಿ ಆಗದಿದ್ರ ಪುಟ ಮುಚ್ಚಿಬಿಡ್ತೀನ್ರಿ. ಮಂದಿಗೆ ಸುಳ್ಳು ಹೇಳಿ ಹೇಳಿ ಸಾಕಾತು.’

ಸುಳ್ಳು ಎಂಬ ಮಾತು ಚುಚ್ಚಿತು. ಆಗ ಅವರ ಪುಟ ತೆರೆದು ನೋಡಿದೆ. ಯಾದಗಿರಿ ಕಡೆಯಿಂದ ಬಂದು ಪೀಣ್ಯದ ಸುತ್ತ ದುಡಿಯುವವರಿಗೆಂದು ಮಾಡಿದ ಪುಟ. ಎಲ್ಲಿ ರೂಮು ಖಾಲಿ ಇದೆ, ಯಾವ ಕಾರ್ಖಾನೆಗೆ ಆಳು ಬೇಕು, ಊರಿಗೆ ಯಾವ ಗಾಡಿ ಹೊರಡುತ್ತದೆ, ಇವೇ. ಸುಳ್ಳು ಏನೆಂದು ನನಗೆ ಗೊತ್ತಾಗಲಿಲ್ಲ. ಭಾನುವಾರ ಬರುತ್ತೇನೆಂದು ಉತ್ತರ ಬರೆದು, ಮೆಟ್ರೋ ಹತ್ತಿ ಟಿ. ದಾಸರಹಳ್ಳಿಗೆ ಹೋದೆ.

ನೀಲವ್ವ ನಲವತ್ತರ ಆಸುಪಾಸಿನ ಗಟ್ಟಿ ಹೆಣ್ಣುಮಗಳು. ಸ್ಪ್ರಿಂಗು ಮಾಡುವ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ. ಅಕ್ಕಿಕಾಳಿನಷ್ಟು ಸ್ಪ್ರಿಂಗುಗಳನ್ನು ದಿನವಿಡೀ ಕಣ್ಣಿಗೆ ಹಿಡಿದು ನೋಡುವುದು. ವಠಾರದ ಕೆಳಗಿನ ಸಾಲಿನಲ್ಲಿ ಒಂದು ರೂಮು.

“ಬರ್ರಿ ಮೇಡಮ್ಮಾರ, ಕುಂದರ್ರಿ. ಖರೇನ ಬರ್ತೀರಂತ ಅನ್ಕೊಂಡಿರಲಿಲ್ರಿ.”

“ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನು ಹಿಂದೆ ನಿಂತು ನೋಡ್ತೀನಿ, ಮಾತಾಡಲ್ಲ” ಎಂದೆ. ಬಹಳ ವರ್ಷಗಳ ಮೇಲೆ ಕೈ ಹಿಂದಕ್ಕೆ ಕಟ್ಟಿದೆ.

“ನೀವು ಹಿಂಗ ಮಾಸ್ತರಗತೆ ನಿಂತ್ರ ನನಗ ಪರೀಕ್ಷಾಕ್ಕ ಕುಂತಂಗ ಆಗ್ತೈತ್ರಿ” ಎಂದು ನಕ್ಕರು. ಆದರೂ ಫೋನು ತೆಗೆದು ಒಂದು ಸೂಚನೆ ತೆರೆದರು. ‘ಕೆಳಗಿನ ರೂಮು ಖಾಲಿ ಐತಿ’ ಎಂಬುದು. ಅದನ್ನು ತಿದ್ದಿ, ‘ರೂಮು ಹೋತು’ ಎಂದು ಬರೆದರು. ಅಕ್ಷರಗಳು ಬೆರಳುಗಾತ್ರ ಇದ್ದವು. ಬರೆದು ಮುಗಿಸಿ ಕೆಳಗೆ ನೋಡಿದರು, ಸ್ಕ್ರೀನು ಮೇಲಕ್ಕೆ ಎಳೆದರು, ಕೆಳಕ್ಕೆ ಎಳೆದರು. ಬಟನ್ ಇಲ್ಲವೇ ಇಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಗಂಡ ಹೆಂಡತಿ ಬಂದು ನಿಂತರು. ಗಂಡನ ಕೈಯಲ್ಲಿ ಚೀಲ, ಹೆಂಡತಿಯ ಕಂಕುಳಲ್ಲಿ ಕೂಸು.

“ಅಕ್ಕಾರ, ಇಲ್ಲಿ ರೂಮು ಐತಂತ ನಿಮ್ಮ ಪುಟದಾಗ ನೋಡಿ ಮಾಕಳಿಯಿಂದ ಬಂದೀವ್ರಿ” ಎಂದ ಗಂಡ.

“ಅದು ಹ್ವಾದ ವಾರಾನ ಹೋತಪ್ಪ. ತೆಗಿಯಾಕ ಬರವಲ್ದು, ಏನ್ ಮಾಡ್ಲಿ.”

“ಇವತ್ತ ಇದು ಮೂರನೇದ್ರಿ ಅಕ್ಕಾರ. ಮೂರೂ ನಿಮ್ಮ ಪುಟದಾಗಿನವ.”

ಅವನು ಸಿಟ್ಟಿನಿಂದ ಹೇಳಲಿಲ್ಲ. ಹೆಂಡತಿ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ನೀಲವ್ವ ಇಬ್ಬರನ್ನೂ ಒಳಗೆ ಕೂರಿಸಿ ಚಹಾಕ್ಕೆ ಇಟ್ಟರು. ನನ್ನ ಕಡೆ ತಿರುಗಿ, “ಇವರಿಗೆ ವಾರಕ್ಕ ಒಂದ ದಿನ ಸೂಟಿ ಮೇಡಮ್ಮಾರ. ಅದೂ ನನ್ನ ಸಲುವಾಗಿ ಹಿಂಗ ಹೊಂಟೋಗ್ತೈತಿ” ಎಂದರು. ನಿಮ್ಮ ಸಲುವಾಗಿ ಎನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕೈ ಕಟ್ಟುವ ನಿಯಮ ಮುರಿದೆ. ಫೋನು ಇಸಿದುಕೊಂಡು, ಏನೋ ಹೊಳೆದು, ಅಕ್ಷರದ ಗಾತ್ರ ಚಿಕ್ಕದು ಮಾಡಿದೆ. ಕೆಳಗಿನ ಅಂಚಿನಿಂದ ಮೂರು ಬಟನ್ನೂ ಮೇಲೆ ಬಂದು ಕೂತವು. ಅಕ್ಷರ ದೊಡ್ಡದಾದರೆ ಬಟನ್ನುಗಳು ಸ್ಕ್ರೀನಿನಿಂದ ಆಚೆಗೆ ಇಳಿದುಹೋಗುತ್ತಿದ್ದವು, ಎಷ್ಟು ಎಳೆದರೂ ಬರುತ್ತಿರಲಿಲ್ಲ.

“ನೋಡಿ, ಬಂತು” ಎಂದೆ, ದೊಡ್ಡ ಸಾಧನೆ ಮಾಡಿದವಳ ಹಾಗೆ.

ನೀಲವ್ವ ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. “ಸಣ್ಣ ಮಾಡಿದ್ರ ನನಗ ಅಕ್ಷರ ಕಾಣಂಗಿಲ್ಲ. ದೊಡ್ಡ ಮಾಡಿದ್ರ ಬಟನ್ ಕಾಣಂಗಿಲ್ಲ. ನೀವು ಪ್ರತಿ ಐತವಾರ ಬರ್ತೀರೇನ್ರಿ?”

ಆ ದಿನದ ಮಟ್ಟಿಗೆ ಹಳೆಯ ಸೂಚನೆಗಳನ್ನೆಲ್ಲ ನಾನೇ ಕೂತು ಸರಿಪಡಿಸಿದೆ. ಮುಂದಿನ ಭಾನುವಾರದೊಳಗೆ ಬಟನ್ ಸರಿಯಾಗುತ್ತದೆ ಎಂದು ಮಾತು ಕೊಟ್ಟೆ. ಕೊಡುವ ಅಧಿಕಾರ ನನಗಿರಲಿಲ್ಲ.

ವಾಪಸು ಮೆಟ್ರೋದಲ್ಲಿ ಕೂತಾಗ ಒಂದು ಸಂಶಯ ಬಂತು. ಚೀಲದಿಂದ ನನ್ನ ಸ್ವಂತ ಫೋನು ತೆಗೆದು, ಅದರಲ್ಲಿ ನಮ್ಮ ಅಡ್ಮಿನ್ ಪುಟ ತೆರೆದೆ. ಬಟನ್ ಇಲ್ಲ. ನನಗೂ ಐವತ್ತು ದಾಟಿತ್ತಲ್ಲ, ನನ್ನ ಫೋನಿನ ಅಕ್ಷರವೂ ದೊಡ್ಡದೇ. ಆದರೆ ಪರೀಕ್ಷೆ ಮಾಡುವುದು ಆಫೀಸಿನ ಫೋನಿನಲ್ಲಿ, ಕನ್ನಡಕ ಹಾಕಿಕೊಂಡು. ಚೀಲದಲ್ಲೇ ಇದ್ದ ಉತ್ತರವನ್ನು ಮೂರು ವಾರ ಹೊತ್ತುಕೊಂಡು ತಿರುಗಿದ್ದೆ. ನಗು ತಡೆಯಲಾಗಲಿಲ್ಲ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತರು.

ಸೋಮವಾರ ಪ್ರಭಾಕರ ಸಾರ್ ಮುಂದೆ ವಿಷಯ ಇಟ್ಟೆ. ಅವರು ಓಟಿನ ಪಟ್ಟಿ ತೋರಿಸಿದರು.

“ಇಷ್ಟು ಜನ ಕೇಳಿ ಮಾಡಿರೋದಮ್ಮ. ಒಬ್ಬರಿಗೋಸ್ಕರ ಈಗ ಬಿಚ್ಚೋಕಾಗುತ್ತಾ? ಮುಂದಿನ ಆವೃತ್ತೀಲಿ ನೋಡೋಣ.” ಮುಂದಿನ ಆವೃತ್ತಿ ಎಂದರೆ ಮೂರು ತಿಂಗಳು.

ನಾನು ವಾದಿಸಲಿಲ್ಲ. “ಸಾರ್, ಒಂದು ನಿಮಿಷ. ನಿಮ್ಮ ಸ್ವಂತ ಫೋನ್ ತೆಗೀರಿ. ಅಡ್ಮಿನ್ ಪುಟದಲ್ಲಿ ‘ರೂಮು ಖಾಲಿ ಇಲ್ಲ’ ಅಂತ ಬರೆದು ಪ್ರಕಟಿಸಿ” ಎಂದೆ. ತಂಡದವರೆಲ್ಲ ಸುತ್ತ ಸೇರಿದರು. ನಾನು ಅವರ ಬೆನ್ನ ಹಿಂದೆ ಹೋಗಿ ಕೈ ಕಟ್ಟಿ ನಿಂತೆ.

ಪ್ರಭಾಕರ ಸಾರ್ ಕನ್ನಡಕ ತಲೆಯ ಮೇಲಕ್ಕೆ ಏರಿಸಿ ಬರೆದರು. ಅವರ ಫೋನಿನ ಅಕ್ಷರ ನೀಲವ್ವನವರದಕ್ಕಿಂತ ದಪ್ಪ. ಬರೆದು ಮುಗಿಸಿ ಹುಡುಕಿದರು. ಎಳೆದರು. ಫೋನನ್ನು ಅಡ್ಡ ಹಿಡಿದರು, ಅಲ್ಲಾಡಿಸಿದರು. “ಎಲ್ಲಮ್ಮಾ ಅದು?” ಎಂದರು. ನಾನು ಬಾಯಿ ಬಿಡಲಿಲ್ಲ, ನಿಯಮ ಅವರದೇ. ಮೊದಲು ನಕ್ಕವಳು ಪ್ರೋಗ್ರಾಮು ಬರೆಯುವ ಶಬಾನಾ. ಆಮೇಲೆ ಎಲ್ಲರೂ ನಕ್ಕರು, ಕೊನೆಗೆ ಅವರೂ.

“ನಮ್ಮ ಫ್ಯಾಕ್ಟರೀಲಿ ಆಗಿದ್ರೆ ನನ್ನನ್ನೇ ರಿಜೆಕ್ಟ್ ಮಾಡಿರೋರು” ಎಂದು ಫೋನು ಮೇಜಿನ ಮೇಲಿಟ್ಟರು. “ಶಬಾನಾ, ಎಷ್ಟು ದಿನ ಬೇಕು?”

“ಅಕ್ಷರ ದೊಡ್ಡದಿದ್ರೆ ಬಟನ್ ತಾನಾಗೇ ಮೇಲಕ್ಕೆ ಹೋಗ್ಬೇಕು ಸಾರ್, ಕೆಳಗೆ ಬೇಕು ಅನ್ನೋರಿಗೆ ಕೆಳಗೇ ಇರ್ಲಿ. ಶುಕ್ರವಾರ ಕೊಟ್ಬಿಡ್ತೀನಿ.”

ಶಬಾನಾ ಹೇಳಿದಂತೆಯೇ ಶುಕ್ರವಾರ ಮುಗಿಸಿದಳು. ಆ ವಾರ ಆಫೀಸಿನ ಪ್ರತಿಯೊಬ್ಬರೂ ತಮ್ಮ ತಮ್ಮ ಸ್ವಂತ ಫೋನಿನಲ್ಲಿ, ಅಮ್ಮನ ಫೋನಿನಲ್ಲಿ, ಸೆಕ್ಯುರಿಟಿಯವರ ಫೋನಿನಲ್ಲಿ ನೋಡಿದರು. ಶನಿವಾರ ಬೆಳಗ್ಗೆ ಹೊಸ ಪುಟ ಎಲ್ಲರಿಗೂ ಹೋಯಿತು. ನೀಲವ್ವನವರಿಗೆ ಒಂದು ಸಾಲು ಬರೆದೆ. ಉತ್ತರ ಬರಲಿಲ್ಲ. ಸಾಯಂಕಾಲದವರೆಗೂ ನೋಡಿದೆ, ಬರಲಿಲ್ಲ. ಮನಸ್ಸು ಮುರಿದು ಪುಟ ಮುಚ್ಚಿಯೇಬಿಟ್ಟರೋ ಏನೋ.

ಭಾನುವಾರ ಬೆಳಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತ ಅವರ ಪುಟ ತೆರೆದು ನೋಡಿದೆ. ಹೊಸ ಸೂಚನೆ ಇತ್ತು. ‘ದಾಸರಹಳ್ಳಿಯಾಗ ಒಂದು ರೂಮು ಐತಿ. ನೀರು ಛಲೋ ಬರ್ತಾವು. ಸಣ್ಣ ಕೂಸು ಇದ್ದವರಿಗೆ ಮೊದಲು.’ ಓದಿ ಕುಣಿಯುವಂತಾಯಿತು. ಆದರೆ ಹಾಕುವುದು ಅರ್ಧ ಕೆಲಸ, ತೆಗೆಯುವುದೇ ಅಸಲು ಕೆಲಸ ಎಂದು ನಾನು ಕಣ್ಣಾರೆ ಕಂಡಿದ್ದೆ. ರವೆ ಸ್ವಲ್ಪ ಹೊತ್ತಿತು. ತಿಂಡಿ ತಿಂದೆವು. ಪಾತ್ರೆ ತೊಳೆಯುವಾಗ ಎರಡು ಸಲ ಕೈ ಒರೆಸಿಕೊಂಡು ಬಂದು ನೋಡಿದೆ, ಮೂರನೆಯ ಸಲ ಒರೆಸಿಕೊಳ್ಳದೆಯೇ ಬಂದೆ.

ಸೂಚನೆ ಬದಲಾಗಿತ್ತು. ‘ಈ ರೂಮು ಹೋತು. ಕೂಸಿನವರು ಬಂದು ಸೇರ್ಯಾರ. ಇನ್ ಯಾರೂ ಬರಬ್ಯಾಡ್ರಿ.’

ನಾನು ಅಡುಗೆಮನೆಯಲ್ಲೇ ಜೋರಾಗಿ ಚಪ್ಪಾಳೆ ತಟ್ಟಿದೆ. ಹಾಲ್‌ನಲ್ಲಿ ಪೇಪರು ಓದುತ್ತಿದ್ದ ನಮ್ಮ ಮನೆಯವರು ಗಾಬರಿಯಾಗಿ ಎದ್ದು ಬಂದರು.

“ಏನಾಯ್ತೇ?”

“ರೂಮು ಹೋಯ್ತಂತೆ ಕಣ್ರೀ” ಎಂದೆ.

“ಅಯ್ಯೋ. ಈಗ ಏನು ಮಾಡ್ತಾರಂತೆ ಪಾಪ?” ಎಂದು ಅವರು ಕೇಳುತ್ತಿದ್ದರು, ನಾನು ಸೋಪಿನ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದೆ.